ಬಾಲ್ಯವನ್ನು ಕ್ಯಾಮೆರಾದಲ್ಲಿ ಹಿಡಿಯುವುದು: ನೆಲಮಟ್ಟದಿಂದ ಆಲ್ಬಮ್‌ವರೆಗೆ

ಮಕ್ಕಳ ಫೋಟೊಗಳಿಗೇನೂ ಬರವಿಲ್ಲ. ಮಗುವಿರುವ ಮನೆಯ ಯಾವ ಫೋನ್ ತೆರೆದರೂ ಸಾವಿರಗಟ್ಟಲೆ ಸಿಗುತ್ತವೆ. ಅವುಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನವು: ಮಗು ಕ್ಯಾಮೆರಾ ಕಡೆ ನೋಡಿ ನಗುತ್ತಿದೆ, ಹಿಂದಿರುವುದೆಲ್ಲ ಮಸುಕು. ಆಗ ಮುಖ ಹೇಗಿತ್ತು ಎಂಬುದು ಇಂಥ ಚಿತ್ರದಿಂದ ತಿಳಿಯುತ್ತದೆ. ಮೇಜಿನ ಕೆಳಗೆ ಎಷ್ಟು ದೊಡ್ಡ ಜಾಗವಿತ್ತು, ಬಾಗಿಲಿನ ಚಿಲಕ ಎಷ್ಟು ಎತ್ತರದಲ್ಲಿತ್ತು, ಯಾವ ಬೊಂಬೆ ಪಕ್ಕದಲ್ಲಿಲ್ಲದೆ ನಿದ್ದೆ ಬರುತ್ತಿರಲಿಲ್ಲ, ಆಡಲು ಯಾರೂ ಇಲ್ಲದ ಮಧ್ಯಾಹ್ನ ಹೇಗೆ ಕಳೆಯುತ್ತಿತ್ತು ಎಂಬುದು ತಿಳಿಯುವುದಿಲ್ಲ. ದೊಡ್ಡವರಾದ ಮೇಲೆ ನಾವು ನೆನೆಸಿಕೊಳ್ಳುವುದು ನಮ್ಮ ಮುಖವನ್ನಲ್ಲ. ಆ ಕಣ್ಣಿಗೆ ಕಂಡ ಲೋಕವನ್ನು. ಹಾಗಾಗಿ ಕ್ಯಾಮೆರಾವನ್ನು ಎಲ್ಲಿ ಹಿಡಿಯಬೇಕು, ಏನನ್ನು ಚೌಕಟ್ಟಿನೊಳಗೆ ಬಿಟ್ಟುಕೊಳ್ಳಬೇಕು, ಯಾವಾಗ ಒತ್ತಬೇಕು ಎಂಬುದೆಲ್ಲ ಆ ಲೋಕದ ಲೆಕ್ಕದಲ್ಲೇ ತೀರ್ಮಾನವಾಗಬೇಕು. ಈ ಮಾರ್ಗದರ್ಶಿಯಲ್ಲಿರುವ ಪ್ರತಿ ಹಂತದ ಉದ್ದೇಶ ಇಷ್ಟೇ. ಫೋನ್ ಇದ್ದರೂ ಸಾಕು, ದೊಡ್ಡ ಕ್ಯಾಮೆರಾ ಇದ್ದರೆ ಕೆಲವು ಕೆಲಸ ಸುಲಭ.

ಹಂತ 1: ಮೊದಲು ಬರೆದುಕೊಳ್ಳಿ

‘ಮುಗ್ಧತೆ’, ‘ಸ್ವಾತಂತ್ರ್ಯ’, ‘ಆನಂದ’ ಎಂದು ಮನಸ್ಸಿನಲ್ಲಿಟ್ಟುಕೊಂಡು ಹೊರಟರೆ ಸಿಗುವುದು ಕ್ಯಾಲೆಂಡರ್ ಚಿತ್ರಗಳು. ಈ ಮಾತುಗಳಿಗೆ ಆಕಾರವಿಲ್ಲ, ಕ್ಯಾಮೆರಾಕ್ಕೆ ಆಕಾರ ಬೇಕು. ಬದಲಿಗೆ ಮಕ್ಕಳು ದಿನವಿಡೀ ಮಾಡುವ ಕೆಲಸಗಳನ್ನು ಬರೆದುಕೊಳ್ಳಿ: ಎಟುಕಿಸಿಕೊಳ್ಳುವುದು, ಅಡಗಿ ಕೂರುವುದು, ಕಾಯುವುದು, ಕೂಡಿಡುವುದು, ದೊಡ್ಡವರಂತೆ ನಟಿಸುವುದು, ಮುನಿಸಿಕೊಳ್ಳುವುದು, ಏನೂ ತೋಚದೆ ನೆಲದ ಮೇಲೆ ಹೊರಳಾಡುವುದು, ಕತ್ತಲೆಗೆ ಹೆದರುವುದು. ಹತ್ತು ಬರೆದು ಮೂರನ್ನು ಆರಿಸಿ. ಪ್ರತಿಯೊಂದರ ಪಕ್ಕದಲ್ಲೂ ಅದು ಕಣ್ಣಿಗೆ ಹೇಗೆ ಕಾಣುತ್ತದೆ ಎಂದು ಒಂದು ಸಾಲು ಸೇರಿಸಿ. ‘ಎಟುಕಿಸಿಕೊಳ್ಳುವುದು’ ಎಂದರೆ ನೆಲ ಬಿಟ್ಟೆದ್ದ ಹಿಮ್ಮಡಿ, ಕಪಾಟಿನ ಅಂಚಿನ ಮೇಲೆ ಕಾಣುವ ನಾಲ್ಕು ಬೆರಳು, ನಲ್ಲಿಯ ಕಡೆ ಚಾಚಿದ ಕೈ. ‘ಕಾಯುವುದು’ ಎಂದರೆ ಕಿಟಕಿ ಗಾಜಿಗೆ ಒತ್ತಿದ ಹಣೆ, ಉಸಿರಿನ ಮಂಜು, ಹಿಂದಿನಿಂದ ಕಾಣುವ ಕುತ್ತಿಗೆ.

ಬಾಲ್ಯದಲ್ಲಿ ನಗುವಿನಷ್ಟೇ ಬೇಸರ, ಹೆದರಿಕೆ, ಹಟ, ಒಂಟಿತನ ಎಲ್ಲವೂ ಇವೆ. ಆರಿಸಿದ ಮೂರರಲ್ಲಿ ಒಂದಾದರೂ ಇವುಗಳಿಂದ ಬಂದಿರಲಿ. ಬರೀ ಸಂತೋಷದ ಚಿತ್ರಗಳನ್ನೇ ಜೋಡಿಸಿದ ಸಂಗ್ರಹ ಹತ್ತನೇ ಪುಟಕ್ಕೆ ಬರುವಷ್ಟರಲ್ಲಿ ಸಪ್ಪೆಯಾಗುತ್ತದೆ.

ಹಂತ 2: ಎತ್ತರ ಸರಿಪಡಿಸಿ

ಇಡೀ ಕೆಲಸದಲ್ಲಿ ಅತಿ ಹೆಚ್ಚು ಬದಲಾವಣೆ ತರುವ ಹಂತ ಇದೇ, ಖರ್ಚೂ ಇಲ್ಲ. ನಿಂತಲ್ಲಿಂದಲೇ ಕೆಳಮುಖವಾಗಿ ತೆಗೆದ ಚಿತ್ರದಲ್ಲಿ ತಲೆ ದೊಡ್ಡದು, ಕಾಲು ಗಿಡ್ಡ, ಹಿನ್ನೆಲೆ ಎಂದರೆ ಬರೀ ನೆಲ. ಅದು ದೊಡ್ಡವರು ಮಗುವನ್ನು ನೋಡುವ ನೋಟ. ಮಗುವಿನ ಲೋಕ ಬೇಕಾದರೆ ಲೆನ್ಸ್ ಮಗುವಿನ ಕಣ್ಣಿನ ಮಟ್ಟಕ್ಕೆ ಇಳಿಯಬೇಕು.

ಅಳತೆ ಗೊತ್ತಿದ್ದರೆ ಊಹಿಸುವ ಕಷ್ಟವಿಲ್ಲ. ಒಂದು ವರ್ಷದ ಮಗು ಸುಮಾರು 75 ಸೆಂ.ಮೀ. ಎತ್ತರ, ಮೂರು ವರ್ಷಕ್ಕೆ 95, ಐದಕ್ಕೆ 110, ಎಂಟಕ್ಕೆ 125ರ ಆಸುಪಾಸು. ಕಣ್ಣು ಇದಕ್ಕಿಂತ ಹತ್ತು ಸೆಂ.ಮೀ.ನಷ್ಟು ಕೆಳಗೆ. ಐದು ವರ್ಷದ ಮಗುವಿನ ಕಣ್ಣು ನಿಮ್ಮ ಸೊಂಟದ ಎತ್ತರದಲ್ಲಿದೆ. ಮೂರು ವರ್ಷದ ಮಗುವಿಗೆ ಸಾಮಾನ್ಯ ಮೇಜಿನ ಹಲಗೆ ಗಲ್ಲದ ಹತ್ತಿರ ಬರುತ್ತದೆ, ಮೇಜಿನ ಮೇಲಿರುವುದು ಅದಕ್ಕೆ ಅಂಚಿನಿಂದಾಚೆ ಅರ್ಧಂಬರ್ಧ ಕಾಣುತ್ತದೆ. ಅಂಬೆಗಾಲಿಡುವ ಮಗುವಿನ ಕಣ್ಣು ನೆಲದಿಂದ ಒಂದಡಿ ಚಿಲ್ಲರೆ ಎತ್ತರದಲ್ಲಿ.

ಕ್ಯಾಮೆರಾದ ಪರದೆ ಮಡಚುವಂತಿದ್ದರೆ ಅದನ್ನು ಮೇಲ್ಮುಖವಾಗಿಸಿ ಸೊಂಟದ ಮಟ್ಟದಲ್ಲಿ ಹಿಡಿಯಿರಿ. ಮಡಚದಿದ್ದರೆ ಒಂದು ಮೊಣಕಾಲೂರಿ ಕೂತುಕೊಳ್ಳಿ. ಎರಡೂ ಕಾಲಿನ ಮೇಲೆ ಕುಕ್ಕರುಗಾಲಲ್ಲಿ ಕೂತರೆ ಐದು ನಿಮಿಷಕ್ಕೆ ಕೈ ಅಲುಗತೊಡಗುತ್ತದೆ. ಫೋನಿನಲ್ಲಿ ಅತಿ ತಗ್ಗಿನ ಕೋನ ಬೇಕಿದ್ದರೆ ಫೋನನ್ನು ತಲೆಕೆಳಗು ಮಾಡಿ, ಆಗ ಲೆನ್ಸ್ ನೆಲದ ಹತ್ತಿರಕ್ಕೆ ಬರುತ್ತದೆ. ಫ್ರಾನ್ಸಿನ ಜಾಕ್ ಆನ್ರಿ ಲಾರ್ತಿಗ್ 1894ರಲ್ಲಿ ಹುಟ್ಟಿದವರು, ಚಿಕ್ಕಂದಿನಲ್ಲೇ ಕ್ಯಾಮೆರಾ ಹಿಡಿದವರು. 1905ರಲ್ಲಿ ತಮ್ಮ ಕೋಣೆಯ ಆಟಿಕೆ ರೇಸ್ ಕಾರುಗಳ ಚಿತ್ರ ತೆಗೆಯಲು ಅವರು ಕ್ಯಾಮೆರಾವನ್ನು ನೆಲದ ಮೇಲೇ ಇಟ್ಟರು. ಅಲ್ಲಿಂದ ನೋಡಿದರೆ ಆಟಿಕೆ ನಿಜವಾದ ವಾಹನದಂತೆ, ಕೋಣೆ ಮೈದಾನದಂತೆ ಕಾಣುತ್ತದೆ. ಆಡುವ ಮಗುವಿಗೆ ಅದು ಕಾಣುವುದೂ ಹಾಗೆಯೇ.

ಕಣ್ಣಿನ ಮಟ್ಟ ರೂಢಿಯಾದ ಮೇಲೆ ಇನ್ನೂ ಎರಡು ಎತ್ತರ ಸೇರಿಸಿ. ಒಂದು, ಮಗುವಿನ ಬೆನ್ನ ಹಿಂದೆ, ಭುಜದ ಮಟ್ಟದಿಂದ ಮುಂದಕ್ಕೆ: ಅದು ಏನನ್ನು ನೋಡುತ್ತಿದೆಯೋ ಅದನ್ನೇ ತೋರಿಸುವ ಕೋನ. ಇನ್ನೊಂದು, ಅದೇ ಎತ್ತರದಿಂದ ದೊಡ್ಡವರ ಕಡೆಗೆ ಮೇಲ್ಮುಖವಾಗಿ. ದೊಡ್ಡವರ ಮಂಡಿ, ಕೈಚೀಲ, ಕೆಳಗಿಳಿದ ಬೆರಳುಗಳು, ತುಂಬಾ ಮೇಲೆಲ್ಲೋ ಒಂದು ಗಲ್ಲ. ಇಂಥ ಚಿತ್ರದಲ್ಲಿ ಮಗು ಕಾಣದಿದ್ದರೂ ನೋಡುತ್ತಿರುವುದು ಮಗುವೇ ಎಂದು ಯಾರಿಗಾದರೂ ತಿಳಿಯುತ್ತದೆ.

ಮಟ್ಟ ಇಳಿಸಿದಾಗ ಎದುರಾಗುವ ತೊಂದರೆ ಹಿನ್ನೆಲೆಯದು. ಮೇಲಿಂದ ತೆಗೆದಾಗ ಕಾಣದಿದ್ದ ಕುರ್ಚಿಯ ಕಾಲು, ವೈರು, ಚಪ್ಪಲಿ, ಬಕೆಟ್ ಎಲ್ಲವೂ ಈಗ ತಲೆಯ ಹಿಂದೆ ಬಂದು ನಿಲ್ಲುತ್ತವೆ. ಎಲ್ಲವನ್ನೂ ಎತ್ತಿಡಬೇಡಿ, ಕೋಣೆಯ ಅಸ್ತವ್ಯಸ್ತವೂ ಆ ಕಾಲದ ದಾಖಲೆಯೇ. ತಲೆ ಮತ್ತು ಕೈಗಳ ಹಿಂದೆ ಮಾತ್ರ ಖಾಲಿ ಜಾಗ ಬರುವಂತೆ ಅರ್ಧ ಹೆಜ್ಜೆ ಎಡಕ್ಕೋ ಬಲಕ್ಕೋ ಸರಿಯಿರಿ.

ಹಂತ 3: ಲೆನ್ಸ್ ಮತ್ತು ದೂರ

ಮಗು ಚಿಕ್ಕದು ಎಂದು ಕಾಣಬೇಕಾದರೆ ಪಕ್ಕದಲ್ಲಿ ದೊಡ್ಡದೇನಾದರೂ ಇರಬೇಕು. ಅಮೆರಿಕದ ಲೂಯಿಸ್ ಹೈನ್ 1908ರಿಂದ ರಾಷ್ಟ್ರೀಯ ಬಾಲಕಾರ್ಮಿಕ ಸಮಿತಿಗಾಗಿ ದುಡಿಯುವ ಮಕ್ಕಳ ಚಿತ್ರ ತೆಗೆದರು. ನೂಲಿನ ಯಂತ್ರಗಳ ಉದ್ದನೆಯ ಸಾಲಿನ ಪಕ್ಕ ನಿಂತ ಪುಟ್ಟ ಹುಡುಗಿಯ ಚಿತ್ರ ನೋಡಿದರೆ ವಿವರಣೆಯೇ ಬೇಡ. ತಮ್ಮ ಅಂಗಿಯ ಗುಂಡಿಗಳ ಎತ್ತರವನ್ನು ಮೊದಲೇ ಅಳೆದಿಟ್ಟುಕೊಂಡು, ಅವುಗಳಿಗೆ ಹೋಲಿಸಿ ಮಕ್ಕಳ ಎತ್ತರವನ್ನು ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು ಅವರು. ಅಳತೆ ಅಲ್ಲಿ ಸಾಕ್ಷಿಯಾಗಿ ಕೆಲಸ ಮಾಡಿತು. ಬಾಗಿಲು, ಮೆಟ್ಟಿಲು, ದೊಡ್ಡವರ ಮೇಲಂಗಿ, ಖಾಲಿ ಮೈದಾನ, ಮಂಚ: ಇವುಗಳಲ್ಲೊಂದು ಪೂರ್ತಿಯಾಗಿ ಚೌಕಟ್ಟಿನಲ್ಲಿರಲಿ.

ಇದಕ್ಕೆ ಅಗಲವಾಗಿ ನೋಡುವ ಲೆನ್ಸ್ ಬೇಕು. ಲೆನ್ಸಿನ ಮಿ.ಮೀ. ಸಂಖ್ಯೆ ಚಿಕ್ಕದಾದಷ್ಟೂ ನೋಟ ಅಗಲ. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್ ಚಿಕ್ಕದಾದರೆ ಅಷ್ಟೇ ಅಗಲಕ್ಕೆ ಇನ್ನೂ ಚಿಕ್ಕ ಸಂಖ್ಯೆ ಬೇಕು. ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 35 ಮಿ.ಮೀ., ಅದಕ್ಕಿಂತ ಚಿಕ್ಕ ಎಪಿಎಸ್-ಸಿ ಸೆನ್ಸರ್ ಇದ್ದರೆ 23 ಅಥವಾ 24, ಇನ್ನೂ ಚಿಕ್ಕ ಮೈಕ್ರೊ ಫೋರ್ ಥರ್ಡ್ಸ್ ಆದರೆ 17. ಫೋನುಗಳ ಮುಖ್ಯ ಲೆನ್ಸ್ ಸಾಮಾನ್ಯವಾಗಿ 24ರಿಂದ 28 ಮಿ.ಮೀ.ಗೆ ಸಮ, ಅದೂ ಒಗ್ಗುತ್ತದೆ. ಎರಡು ಮೀಟರ್ ದೂರದಲ್ಲಿ ನಿಂತು 35 ಮಿ.ಮೀ. ಲೆನ್ಸನ್ನು ಅಡ್ಡವಾಗಿ ಹಿಡಿದರೆ ಸುಮಾರು ಎರಡು ಮೀಟರ್ ಅಗಲ, 1.35 ಮೀಟರ್ ಎತ್ತರದ ಜಾಗ ಕಾಣುತ್ತದೆ. ಐದು ವರ್ಷದ ಮಗು ತಲೆಯಿಂದ ಕಾಲಿನವರೆಗೆ ಹಿಡಿಸಿ, ಎರಡೂ ಬದಿಗೆ ಅದರ ಲೋಕಕ್ಕೆ ಜಾಗ ಉಳಿಯುತ್ತದೆ. ಬಾಲ್ಯದ ಚಿತ್ರಗಳಿಗೆ ನಾವು ಮೊದಲು ಹೇಳುವ ದೂರ ಇದೇ.

ಅಗಲ ಲೆನ್ಸನ್ನು ಮುಖಕ್ಕೆ ತೀರಾ ಹತ್ತಿರ, ಅರ್ಧ ಮೀಟರಿಗೆ ತಂದರೆ ಮೂಗು ಉಬ್ಬಿ ಕಿವಿ ಹಿಂದಕ್ಕೆ ಸರಿದಂತೆ ಕಾಣುತ್ತದೆ. ಮುಖವೇ ಮುಖ್ಯವಾದಾಗ 50ರಿಂದ 85 ಮಿ.ಮೀ. ಬಳಸಿ, ಒಂದೂವರೆ ಮೀಟರ್ ಹಿಂದೆ ನಿಲ್ಲಿ. 200 ಮಿ.ಮೀ. ಜೂಮ್ ಹಾಕಿ ದೂರದಿಂದ ಕದ್ದು ತೆಗೆಯುವ ಅಭ್ಯಾಸ ಬೇಡ. ಸುತ್ತಲಿನ ಜಾಗ ಪೂರ್ತಿ ಕರಗಿ ಹೋಗಿ ಮಗು ಎಲ್ಲಿತ್ತು ಎಂಬುದೇ ಅಳಿಸಿಹೋಗುತ್ತದೆ. ಫೋನಿನ ಪೋರ್ಟ್ರೇಟ್ ಮೋಡ್‌ನಲ್ಲೂ ಇದೇ ತೊಂದರೆ. ಅದರ ಜೊತೆಗೆ ಹಾರುವ ಕೂದಲು, ಕೈಯಲ್ಲಿ ಹಿಡಿದ ಕಡ್ಡಿ, ಬೆರಳ ಸಂದು ಇಂಥ ಕಡೆಯೆಲ್ಲ ಅಂಚು ತಪ್ಪಾಗಿ ಕತ್ತರಿಸಿಕೊಳ್ಳುತ್ತದೆ. ಅದನ್ನು ಬಂದ್ ಮಾಡಿಡಿ.

ಹಂತ 4: ಕ್ಯಾಮೆರಾವನ್ನು ಮೊದಲೇ ಸಿದ್ಧಮಾಡಿಡಿ

ಮಗು ಆಟದಲ್ಲಿ ಮುಳುಗಿರುವಾಗ ಗುಂಡಿ ತಿರುಗಿಸುತ್ತಾ ಕೂತರೆ ಕ್ಷಣವೂ ಹೋಯಿತು, ಮಗುವಿನ ಗಮನವೂ ನಿಮ್ಮ ಕಡೆ ತಿರುಗಿತು. ಆರಂಭಿಸುವ ಮೊದಲೇ ಹೀಗೆ ಹೊಂದಿಸಿಡಿ.

ಮೊದಲು ಶಟರ್ ವೇಗ, ಅಂದರೆ ಸೆನ್ಸರ್ ಬೆಳಕಿಗೆ ತೆರೆದಿರುವ ಹೊತ್ತು. ಕೂತು ಚಿತ್ರ ಬಿಡಿಸುವ ಮಗುವಿಗೆ ಸೆಕೆಂಡಿನ 1/125 ಸಾಕು. ನಡೆದಾಡುವಾಗ 1/250, ಓಡುವಾಗ 1/500, ಜಿಗಿತ, ಜೋಕಾಲಿ, ನೀರೆರಚಾಟಕ್ಕೆ 1/1000. ಮಕ್ಕಳ ಫೋಟೊ ಮಸುಕಾಗುವುದಕ್ಕೆ ಹೆಚ್ಚಿನ ಸಲ ಫೋಕಸ್ ಕಾರಣವಲ್ಲ, ನಿಧಾನವಾದ ಶಟರ್ ಕಾರಣ. ಗುರುತಿಸುವುದು ಸುಲಭ: ಗೋಡೆ ಸ್ಪಷ್ಟವಾಗಿದ್ದು ಕೈ ಮಾತ್ರ ಗೀಚಿದಂತಿದ್ದರೆ ಶಟರ್ ಸಾಲದು, ಮಗು ಮಸುಕಾಗಿ ಹಿಂದಿನ ಗೋಡೆ ಸ್ಪಷ್ಟವಾಗಿದ್ದು ಎಲ್ಲೂ ಗೀಚಿದ ಗುರುತಿಲ್ಲದಿದ್ದರೆ ಫೋಕಸ್ ತಪ್ಪಿದೆ, ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ನಿಮ್ಮ ಕೈ ಅಲುಗಿದೆ.

ಅಪರ್ಚರ್ ಎಂದರೆ ಲೆನ್ಸಿನೊಳಗಿನ ಕಿಂಡಿ; ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಕಿರಿದು, ಸ್ಪಷ್ಟವಾಗಿ ಕಾಣುವ ಜಾಗ ಹೆಚ್ಚು. ಅದನ್ನು ಎಫ್/4ರಲ್ಲಿ ಶುರುಮಾಡಿ. ಫುಲ್ ಫ್ರೇಮ್, 35 ಮಿ.ಮೀ., ಎರಡು ಮೀಟರ್ ದೂರಕ್ಕೆ ಸುಮಾರು 1.7ರಿಂದ 2.5 ಮೀಟರ್‌ವರೆಗಿನ ಜಾಗ ಸ್ಪಷ್ಟವಾಗಿರುತ್ತದೆ, ಅಂದರೆ ಮಗು ಒಂದು ಹೆಜ್ಜೆ ಹಿಂದೆ ಮುಂದೆ ಆದರೂ ಚಿಂತೆಯಿಲ್ಲ. ಹೊರಗೆ ಒಳ್ಳೆ ಬೆಳಕಿದ್ದರೆ ಎಫ್/8ಕ್ಕೆ ಹೋಗಿ ಫೋಕಸನ್ನು ಕೈಯಿಂದಲೇ ಎರಡು ಮೀಟರಿಗೆ ನಿಲ್ಲಿಸಿಬಿಡಿ. 1.4ರಿಂದ 3.3 ಮೀಟರ್‌ವರೆಗೆ ಯಾವುದು ಬಂದರೂ ಸ್ಪಷ್ಟ. ಕ್ಯಾಮೆರಾ ಫೋಕಸ್ ಹುಡುಕುತ್ತಾ ಕಾಯಿಸುವುದಿಲ್ಲ. ಗುಂಪಾಗಿ ಓಡಾಡುವ ಮಕ್ಕಳಿಗೆ ಇದಕ್ಕಿಂತ ನಂಬಿಕಸ್ಥ ಉಪಾಯ ಬೇರೆ ಇಲ್ಲ. ಎಫ್/1.4ರಲ್ಲಿ ಹತ್ತಿರದಿಂದ ತೆಗೆದರೆ ಒಂದು ರೆಪ್ಪೆ ಸ್ಪಷ್ಟ, ಇನ್ನೊಂದು ಮಸುಕು.

ಐಎಸ್‌ಒ (ಸೆನ್ಸರ್ ಬೆಳಕಿಗೆ ಎಷ್ಟು ಸ್ಪಂದಿಸಬೇಕು ಎಂಬ ಸಂಖ್ಯೆ) ಆಟೋದಲ್ಲಿರಲಿ, ಮೇಲಿನ ಮಿತಿ 6400, ಕನಿಷ್ಠ ಶಟರ್ 1/250 ಎಂದು ಮೆನುವಿನಲ್ಲಿ ನಮೂದಿಸಿ. ಚಿತ್ರದಲ್ಲಿ ಕಾಳುಕಾಳು ಕಂಡರೆ ಕಾಣಲಿ. ಅದನ್ನು ಕಣ್ಣು ಕ್ಷಮಿಸುತ್ತದೆ, ಅಲುಗಿದ ಮುಖವನ್ನು ಕ್ಷಮಿಸುವುದಿಲ್ಲ. ಫೋಕಸ್ ಮಗುವನ್ನು ಹಿಂಬಾಲಿಸುತ್ತಲೇ ಇರುವ ನಿರಂತರ ಮೋಡ್‌ನಲ್ಲಿ, ಕಣ್ಣು ಗುರುತಿಸುವ ಸೌಲಭ್ಯವಿದ್ದರೆ ಅದೂ ಚಾಲೂ. ಕತ್ತಲಲ್ಲಿ ಹೊತ್ತುವ ಫೋಕಸ್ ಸಹಾಯದ ದೀಪವನ್ನೂ ‘ಬೀಪ್’ ಸದ್ದನ್ನೂ ಆರಿಸಿಬಿಡಿ, ಇವೆರಡೂ ಮಗುವಿನ ಆಟ ಕೆಡಿಸುತ್ತವೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಒಳ್ಳೆಯದೇ, ಆದರೆ ವೇಗವಾಗಿ ಚಲಿಸುವ ಜೋಕಾಲಿಯ ಹಗ್ಗ, ಕೋಲು ಬಾಗಿದಂತೆ ಬರಬಹುದು. ಎಲ್‌ಇಡಿ ದೀಪದಡಿ ಅಡ್ಡಪಟ್ಟೆಗಳೂ ಮೂಡುತ್ತವೆ. ಪಟ್ಟೆ ಕಂಡರೆ ಮೆಕ್ಯಾನಿಕಲ್ ಶಟರ್‌ಗೆ ಬದಲಿಸಿ. ವಿದ್ಯುತ್ 50 ಹರ್ಟ್ಸ್ ಇರುವ ದೇಶಗಳಲ್ಲಿ 1/50 ಅಥವಾ 1/100, 60 ಹರ್ಟ್ಸ್ ಇರುವಲ್ಲಿ 1/60 ಅಥವಾ 1/125 ಇಟ್ಟುಕೊಂಡರೆ ಸರಿಹೋಗುತ್ತದೆ. ಅಷ್ಟು ನಿಧಾನದ ಶಟರ್‌ನಲ್ಲಿ ಓಟ ಸಿಗುವುದಿಲ್ಲ, ಕೂತಾಟ ಸಿಗುತ್ತದೆ.

ಫೋನ್ ಆದರೆ: ಮೊದಲು ಲೆನ್ಸ್ ಒರೆಸಿ, ಮಕ್ಕಳಿರುವ ಮನೆಯಲ್ಲಿ ಅದರ ಮೇಲೆ ಬೆರಳಚ್ಚು ಖಂಡಿತ. ಪರದೆಯ ಮೇಲೆ ಒತ್ತಿ ಹಿಡಿದು ಫೋಕಸ್ ಮತ್ತು ಬೆಳಕನ್ನು ಲಾಕ್ ಮಾಡಿ. ನೈಟ್ ಮೋಡ್ ಹಲವು ಚಿತ್ರಗಳನ್ನು ಒಂದಕ್ಕೊಂದು ಸೇರಿಸುವುದರಿಂದ ಅಲುಗಾಡುವ ಮಗುವಿಗೆ ಆಗದು. ದೀಪದ ಹತ್ತಿರ ಸರಿಯುವುದೇ ಮೇಲು. ಬೆರಳಲ್ಲಿ ಹಿಗ್ಗಿಸುವ ಡಿಜಿಟಲ್ ಜೂಮ್ ಬೇಡ, ಎರಡು ಹೆಜ್ಜೆ ಮುಂದೆ ಹೋಗಿ.

ಚಲನೆಯನ್ನು ಬೇಕೆಂದೇ ಮಸುಕಾಗಿಸುವುದೂ ಉಂಟು. ಗಿರಗಿರ ಸುತ್ತುವ ಮಗು, ಇಳಿಜಾರಿನಲ್ಲಿ ಸೈಕಲ್ಲು: 1/15ರಿಂದ 1/30 ಇಟ್ಟು ಮಗುವಿನ ಜೊತೆಗೇ ಕ್ಯಾಮೆರಾವನ್ನೂ ತಿರುಗಿಸಿ, ಒತ್ತಿದ ಮೇಲೂ ತಿರುಗಿಸುವುದನ್ನು ನಿಲ್ಲಿಸಬೇಡಿ. ಇಪ್ಪತ್ತರಲ್ಲಿ ಒಂದು ಸರಿಬಂದರೆ ಒಳ್ಳೆಯ ಫಲಿತಾಂಶ. ಆ ಒಂದರಲ್ಲಿ ತಲೆಸುತ್ತುವ ಸುಖ ಅಷ್ಟೂ ಇರುತ್ತದೆ.

ಹಂತ 5: ಬೆಳಕು

ಮನೆಯೊಳಗೆ ಒಂದು ಕಿಟಕಿ ಸಾಕು. ಕೋಣೆಯ ದೀಪ ಆರಿಸಿ. ಹಳದಿ ಬಲ್ಬು, ನೀಲಿ ಹಗಲು ಎರಡೂ ಸೇರಿದರೆ ಒಂದು ಕೆನ್ನೆ ಕಿತ್ತಳೆ, ಇನ್ನೊಂದು ನೀಲಿ, ಆಮೇಲೆ ಸರಿಪಡಿಸಲು ಬರುವುದಿಲ್ಲ. ಮಗು ಕಿಟಕಿಯಿಂದ ಒಂದೆರಡು ಮೀಟರ್ ಒಳಗೆ, ಬೆಳಕು ಪಕ್ಕದಿಂದ ಬೀಳುವಂತೆ ಆಡುತ್ತಿರಲಿ. ಮಗುವನ್ನು ಅಲ್ಲಿಗೆ ಕರೆಯುವ ಬದಲು ಆಟದ ಸಾಮಾನನ್ನು ಮೊದಲೇ ಅಲ್ಲಿ ಹರಡಿಡಿ.

ಹೊರಗೆ ಸೂರ್ಯೋದಯದ ನಂತರದ ಒಂದು ಗಂಟೆ, ಸೂರ್ಯಾಸ್ತದ ಮುಂಚಿನ ಒಂದು ಗಂಟೆ ಮೃದು ಬೆಳಕಿನ ಹೊತ್ತು ಎಂದು ಎಲ್ಲರೂ ಹೇಳುತ್ತಾರೆ, ನಿಜವೇ. ಆದರೆ ನಡುಮಧ್ಯಾಹ್ನವನ್ನು ಪೂರ್ತಿ ಬಿಟ್ಟುಬಿಡುವುದು ಸರಿಯಲ್ಲ. ಮಕ್ಕಳು ಹೊರಗೆ ಆಡುವುದು ಆಗಲೇ, ಆ ಗಟ್ಟಿ ಬಿಸಿಲು, ಕಾಲಡಿಯ ಗಿಡ್ಡ ನೆರಳು ಬಾಲ್ಯದ ಬೆಳಕೇ ಹೌದು. ಮುಖ ಬೇಕಿದ್ದರೆ ನೆರಳಿನ ಅಂಚಿಗೆ ಬನ್ನಿ; ಇಲ್ಲದಿದ್ದರೆ ಮುಖ ಬಿಟ್ಟು ನೆರಳನ್ನೇ ವಿಷಯ ಮಾಡಿ. ಎಕ್ಸ್‌ಪೋಷರ್, ಅಂದರೆ ಕ್ಯಾಮೆರಾದೊಳಕ್ಕೆ ಬಿಡುವ ಬೆಳಕಿನ ಲೆಕ್ಕವನ್ನು, ಬಿಸಿಲಿಗೆ ಹೊಂದಿಸಿ, ನೆರಳು ಕಪ್ಪಾಗಲು ಬಿಡಿ.

ಬೆಳಕಿಗೆ ಎದುರಾಗಿ ತೆಗೆಯುವಾಗ ಕ್ಯಾಮೆರಾ ಮೋಸ ಹೋಗಿ ಮುಖವನ್ನು ಕಪ್ಪಾಗಿಸುತ್ತದೆ. ಕ್ಯಾಮೆರಾದ ಆ ಲೆಕ್ಕವನ್ನು ಹೆಚ್ಚು ಕಡಿಮೆ ಮಾಡುವ ಎಕ್ಸ್‌ಪೋಷರ್ ಕಾಂಪೆನ್ಸೇಶನ್ +1 ಇಡಿ. ಬಿಳಿ ಬಟ್ಟೆ, ಬಿಳಿ ಹಾಸಿಗೆ ಚೌಕಟ್ಟು ತುಂಬಿದ್ದರೆ +0.7. ಬಾಗಿಲಲ್ಲಿ ನಿಂತ ಮಗುವಿನ ನೆರಳಾಕೃತಿ ಬೇಕಾದರೆ -1ರಿಂದ -2; ಆಗ ಕೈಕಾಲು ಮೈಗೆ ಅಂಟದೆ ಬಿಡಿಬಿಡಿಯಾಗಿ ಕಾಣುವ ಕ್ಷಣಕ್ಕೆ ಕಾಯಬೇಕು, ಇಲ್ಲವಾದರೆ ಆಕೃತಿ ಒಂದು ಮುದ್ದೆ. ರಾತ್ರಿಯ ಹೆದರಿಕೆ ನಿಮ್ಮ ಪಟ್ಟಿಯಲ್ಲಿದ್ದರೆ ಒಂದೇ ಒಂದು ಚಿಕ್ಕ ದೀಪ ಉಳಿಸಿ, ಫ್ಲ್ಯಾಶ್ ಮುಟ್ಟಲೇಬೇಡಿ. ಎದುರಿನಿಂದ ಹೊಡೆಯುವ ಫ್ಲ್ಯಾಶ್ ಕತ್ತಲೆಯನ್ನು ಓಡಿಸಿಬಿಡುತ್ತದೆ, ವಿಷಯ ಕತ್ತಲೆಯೇ ಆಗಿರುವಾಗ.

ಹಂತ 6: ಇರುವುದು, ಕಾಯುವುದು

ಕ್ಯಾಮೆರಾ ಹೊರಬಂದ ಮೊದಲ ಹದಿನೈದು ಇಪ್ಪತ್ತು ನಿಮಿಷ ಮಕ್ಕಳು ಕ್ಯಾಮೆರಾಕ್ಕಾಗಿ ನಟಿಸುತ್ತಾರೆ. ಆ ಹೊತ್ತಿನ ಚಿತ್ರಗಳನ್ನು ತೆಗೆದು ತೋರಿಸಿಬಿಡಿ, ಕುತೂಹಲ ತೀರಲಿ. ಆಮೇಲೆ ಪರದೆ ನೋಡುವುದನ್ನು ನೀವೂ ನಿಲ್ಲಿಸಿ. ‘ನಗು’, ‘ಈ ಕಡೆ ನೋಡು’, ‘ಇನ್ನೊಂದು ಸಲ ಹಾಗೇ ಮಾಡು’ ಎನ್ನುವ ಮೂರೂ ಮಾತು ನಿಷಿದ್ಧ. ಮೂರನೆಯದು ಹೆಚ್ಚು ಕೆಟ್ಟದ್ದು, ಏಕೆಂದರೆ ಎರಡನೇ ಸಲ ಮಾಡುವುದು ಆಟವಲ್ಲ, ನಿಮ್ಮ ಕೆಲಸ. ಮಾತಾಡಲೇಬೇಕಾದರೆ ಕೆಲಸದ ಬಗ್ಗೆ ಕೇಳಿ: ‘ಈ ಗುಂಡಿ ಎಷ್ಟು ಆಳ ಹೋಗಬೇಕು?’, ‘ಇದರೊಳಗೆ ಯಾರಿರುತ್ತಾರೆ?’ ಉತ್ತರಿಸುತ್ತಾ ಮಗು ಮತ್ತೆ ಆಟದೊಳಕ್ಕೇ ಇಳಿಯುತ್ತದೆ.

ವಯಸ್ಸಿಗೆ ತಕ್ಕಂತೆ ವಿಧಾನ ಬದಲಾಗುತ್ತದೆ. ಅಂಬೆಗಾಲಿನ ಮಗು ಲೆನ್ಸ್ ಹಿಡಿಯಲು ನೇರ ನಿಮ್ಮ ಕಡೆಗೇ ಬರುತ್ತದೆ. ಅದರ ದಾರಿಯ ಪಕ್ಕದಲ್ಲಿ ಮಲಗಿ, ಎದುರಲ್ಲಿ ಬೇಡ. ಎರಡರಿಂದ ನಾಲ್ಕು ವರ್ಷದವರು ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತಾರೆ, ಸುರಿಯುವುದು ತುಂಬುವುದು ಸುರಿಯುವುದು. ಮೊದಲ ಸುತ್ತಿನಲ್ಲಿ ಕೋನ ಹುಡುಕಿ, ಎರಡನೆಯದರಲ್ಲಿ ಬೆಳಕು ಸರಿಮಾಡಿ, ಮೂರನೆಯದರಲ್ಲಿ ಒತ್ತಿ. ಐದರಿಂದ ಎಂಟರವರಿಗೆ ಕಟ್ಟುಕತೆಯ ಲೋಕ ಇರುತ್ತದೆ, ಅದರ ನಿಯಮ ಕೇಳಿ ತಿಳಿದುಕೊಂಡರೆ ಮುಂದೇನಾಗುತ್ತದೆ ಎಂದು ಮೊದಲೇ ಗೊತ್ತಾಗುತ್ತದೆ. ಒಂಬತ್ತು ದಾಟಿದವರು ಕ್ಯಾಮೆರಾವನ್ನು ಮರೆಯುವುದಿಲ್ಲ. ಅವರ ಜೊತೆ ಮಾತಾಡಿಕೊಂಡು, ಅವರ ಸೂಚನೆ ಕೇಳಿ ತೆಗೆಯುವುದೇ ದಾರಿ.

ನ್ಯೂಯಾರ್ಕಿನ ಬೀದಿಗಳಲ್ಲಿ ಆಡುವ ಮಕ್ಕಳನ್ನು 1930ರ ದಶಕದ ಕೊನೆಯಿಂದ ಚಿತ್ರಿಸಿದ ಹೆಲೆನ್ ಲೆವಿಟ್, ಪಕ್ಕಕ್ಕೆ ತಿರುಗಿ ನಿಂತು ತೆಗೆಯಲು ಅನುವಾಗುವ ಕೋನದ ವ್ಯೂಫೈಂಡರ್ (ಕಣ್ಣಿಟ್ಟು ನೋಡುವ ಕಿಂಡಿ) ಬಳಸುತ್ತಿದ್ದರು. ಉಪಕರಣಕ್ಕಿಂತ ಅವರ ಆಸಕ್ತಿಯಲ್ಲಿ ಕಲಿಯಬೇಕಾದ್ದು ಹೆಚ್ಚು. ಮಕ್ಕಳು ಗೋಡೆ, ರಸ್ತೆಗಳ ಮೇಲೆ ಸೀಮೆಸುಣ್ಣದಿಂದ ಬರೆದ ಚಿತ್ರಗಳನ್ನೂ ಅವರು ಅಷ್ಟೇ ಶ್ರದ್ಧೆಯಿಂದ ಫೋಟೊ ತೆಗೆದರು. ಬರೆದ ಮಗು ಅಲ್ಲಿಲ್ಲ, ಬರೆದದ್ದು ಇದೆ.

ಹಂತ 7: ಮುಖವಿಲ್ಲದ ಚಿತ್ರಗಳು

ಸಂಗ್ರಹದ ಮೂರನೇ ಒಂದು ಭಾಗವಾದರೂ ಮುಖವಿಲ್ಲದ ಚಿತ್ರಗಳಿರಲಿ. ಮುಖ ಬಂದ ಕೂಡಲೇ ಅದು ಇಂಥ ಮಗುವಿನ ಚಿತ್ರವಾಗುತ್ತದೆ. ಮುಖ ಇಲ್ಲದಿದ್ದರೆ ನೋಡುವವರು ತಮ್ಮದೇ ಬಾಲ್ಯವನ್ನು ಅಲ್ಲಿ ಇಟ್ಟು ನೋಡುತ್ತಾರೆ.

ಕೈಗಳಿಂದ ಆರಂಭಿಸಿ. ಉಗುರಿನ ಸಂದಿನ ಮಣ್ಣು, ಅಂಗೈಯ ಬಣ್ಣ, ಗುಂಡಿ ಹಾಕಲು ಒದ್ದಾಡುವ ಬೆರಳು. 50 ಮಿ.ಮೀ. ಲೆನ್ಸು, ಎಫ್/4, ಅರ್ಧ ಮೀಟರ್ ದೂರ. ಕಾಲು: ಅದಲುಬದಲಾದ ಚಪ್ಪಲಿ, ಮಂಡಿಯ ಗಾಯ, ಕುರ್ಚಿಯಿಂದ ನೆಲಕ್ಕೆ ಎಟುಕದೆ ತೂಗುವ ಪಾದ.

ವಸ್ತುಗಳಿಗೆ ಎರಡು ರೀತಿ ಇದೆ, ಎರಡನ್ನೂ ಮಾಡಿ. ಮೊದಲನೆಯದು, ಮಗು ಬಿಟ್ಟುಹೋದ ಸ್ಥಿತಿಯಲ್ಲೇ: ಸಾಲಾಗಿ ಮಲಗಿಸಿದ ಬೊಂಬೆಗಳು, ಅರ್ಧಕ್ಕೆ ನಿಂತ ಗೋಪುರ, ಹೊದಿಕೆ ಹೊದಿಸಿದ ಕುರ್ಚಿಯ ಗುಹೆ. ಒಂದು ಚೂರೂ ಸರಿಸಬೇಡಿ, ಆ ಜೋಡಣೆಯಲ್ಲಿ ಮಗುವಿನ ತರ್ಕವಿದೆ. ಎರಡನೆಯದು ದಾಖಲೆಯ ರೀತಿ. ಕಿಟಕಿಯ ಬಳಿ ನೆಲದ ಮೇಲೆ ಬೂದು ಅಥವಾ ಬಿಳಿ ಹಾಳೆ ಹಾಸಿ, ವಸ್ತುವನ್ನು ಒಂದೊಂದಾಗಿ ಇಟ್ಟು, ಕ್ಯಾಮೆರಾವನ್ನು ಟ್ರೈಪಾಡಿನಲ್ಲಿ ನೇರ ಕೆಳಮುಖವಾಗಿಸಿ. ಎಫ್/8, ಐಎಸ್‌ಒ 100, ಎರಡು ಸೆಕೆಂಡಿನ ಟೈಮರ್, ಏಕೆಂದರೆ ಬೆರಳು ಒತ್ತಿದ ಅಲುಗಾಟವೇ ಇಲ್ಲಿ ಚಿತ್ರ ಕೆಡಿಸುವುದು. ಕಿಟಕಿಯ ಎದುರು ಬದಿಗೆ ಬಿಳಿ ರಟ್ಟು ನಿಲ್ಲಿಸಿದರೆ ನೆರಳು ತೆಳುವಾಗುತ್ತದೆ. ಕಿವಿ ಹರಿದ ಕರಡಿ, ಸವೆದ ಬಣ್ಣದ ಕಡ್ಡಿ, ಜೇಬಿನಿಂದ ಬಿದ್ದ ಕಲ್ಲು, ಗುಂಡಿ, ಗರಿ, ತಿರುಪು. ಎಲ್ಲಕ್ಕೂ ಅದೇ ದೂರ, ಅದೇ ಬೆಳಕು ಇರಬೇಕು. ಆಗ ಒಂಬತ್ತು ಚಿತ್ರಗಳನ್ನು ಒಂದೇ ಹಾಳೆಯಲ್ಲಿ ಜೋಡಿಸಿದರೆ ಒಂದು ಜೇಬಿನ ಇಡೀ ಲೋಕ ಕಾಣುತ್ತದೆ.

ಜಾಗಗಳನ್ನು ಮರೆಯಬೇಡಿ: ಮೆಟ್ಟಿಲ ಕೆಳಗಿನ ಮೂಲೆ, ಮಂಚದಡಿ, ಪರದೆಯ ಹಿಂದೆ. ಅಡಗುತಾಣದೊಳಗಿನಿಂದ ಹೊರಕ್ಕೆ ತೆಗೆಯಿರಿ. ಹೊರಗೆ ಪ್ರಕಾಶ, ಒಳಗೆ ಕತ್ತಲು. ಹೊರಗಿನ ಬೆಳಕಿಗೆ ಎಕ್ಸ್‌ಪೋಷರ್ ಹೊಂದಿಸಿ, ಒಳಗಿನ ಅಂಚುಗಳು ಕಪ್ಪು ಚೌಕಟ್ಟಾಗಲಿ. ಗೋಡೆಯ ಮೇಲೆ ಎತ್ತರ ಗುರುತು ಹಾಕಿದ್ದರೆ ಪ್ರತಿ ವರ್ಷ ಅದೇ ಜಾಗದಲ್ಲಿ ನಿಂತು ಅದೇ ಲೆನ್ಸಿನಲ್ಲಿ ತೆಗೆಯಿರಿ. ಕ್ಯಾಮೆರಾದ ಎತ್ತರವನ್ನೂ ಗೋಡೆಯಿಂದಿರುವ ದೂರವನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟಿರದಿದ್ದರೆ ಮುಂದಿನ ವರ್ಷ ಹೊಂದಿಕೆಯಾಗುವುದಿಲ್ಲ.

ಮನೆಯಲ್ಲಿ ಮಕ್ಕಳಿಲ್ಲದವರೂ ಈ ವಿಷಯ ಕೈಗೆತ್ತಿಕೊಳ್ಳಬಹುದು. ಸ್ವಂತ ಬಾಲ್ಯದ ಐದು ನೆನಪು ಬರೆದುಕೊಂಡು, ಆಗಿನ ಕಣ್ಣೆತ್ತರಕ್ಕೆ ಟ್ರೈಪಾಡ್ ಇಳಿಸಿ, ಅಂಥ ಜಾಗಗಳನ್ನು ಖಾಲಿಯಾಗಿಯೇ ತೆಗೆಯುತ್ತಾ ಹೋಗಿ. 24 ಅಥವಾ 28 ಮಿ.ಮೀ. ಲೆನ್ಸ್ ಇಲ್ಲಿ ಹೊಂದುತ್ತದೆ. ಪಡಸಾಲೆ ನೆನಪಿನಲ್ಲಿರುವಷ್ಟೇ ಉದ್ದವಾಗಿ ಕಾಣುತ್ತದೆ.

ಹಂತ 8: ಕ್ಯಾಮೆರಾ ಮಗುವಿನ ಕೈಗೆ

ನಾಲ್ಕು ವರ್ಷ ದಾಟಿದ ಮಗುವಿಗೆ ಹಳೆಯ ಚಿಕ್ಕ ಕ್ಯಾಮೆರಾ ಅಥವಾ ಸಿಮ್ ಇಲ್ಲದ ಫೋನ್ ಕೊಡಿ. ದಾರ ಮಣಿಕಟ್ಟಿಗಿರಲಿ, ಆಟದ ನಡುವೆ ಕೊರಳಿಗೆ ಹಾಕಿದ ದಾರ ಅಪಾಯ. ಎಲ್ಲವೂ ಆಟೋ, ಫ್ಲ್ಯಾಶ್ ಬಂದ್. ಹೇಳಿಕೊಡಬೇಕಾದ್ದು ಎರಡೇ: ಬೆರಳು ಲೆನ್ಸಿನ ಮೇಲೆ ಬರಬಾರದು, ಒತ್ತುವಾಗ ಉಸಿರು ಹಿಡಿಯಬೇಕು. ‘ಒಳ್ಳೆ ಫೋಟೊ ತೆಗಿ’ ಎನ್ನುವ ಬದಲು ‘ನಿನಗೆ ಮಾತ್ರ ಗೊತ್ತಿರುವ ಜಾಗ ತೆಗಿ’, ‘ನಿನಗಿಂತ ಚಿಕ್ಕದು ತೆಗಿ’ ಎಂದು ಕೆಲಸ ಕೊಡಿ. ನೂರರಲ್ಲಿ ತೊಂಬತ್ತು ನೆಲ, ಬೆರಳು, ಸೀಲಿಂಗು. ಉಳಿದ ಹತ್ತರಲ್ಲಿ ಯಾವ ದೊಡ್ಡವರಿಗೂ ದಕ್ಕದ ಚಿತ್ರ ಇರುವ ಸಾಧ್ಯತೆ ದೊಡ್ಡದು. ಅವನ್ನು ನಿಮ್ಮ ಚಿತ್ರಗಳ ಪಕ್ಕ ಅದೇ ಅಳತೆಯಲ್ಲಿ, ಮಗುವಿನ ಹೆಸರಿನಲ್ಲಿ ಇಡಿ.

ಹಂತ 9: ಒಪ್ಪಿಗೆ

ಮಗು ಬೇಡ ಎಂದರೆ, ಮುಖ ತಿರುಗಿಸಿದರೆ, ಕ್ಯಾಮೆರಾ ಇಳಿಸಿ. ಅಳುವ ಚಿತ್ರ ಬೇಕೆಂದು ಸಮಾಧಾನಿಸುವುದನ್ನು ತಡಮಾಡುವುದು ಸಲ್ಲದು. ಬೇರೆಯವರ ಮಕ್ಕಳಾದರೆ ಮೊದಲು ಪೋಷಕರ ಅನುಮತಿ, ಎಲ್ಲಿ ತೋರಿಸುತ್ತೀರಿ ಎಂಬುದನ್ನೂ ಹೇಳಿಯೇ. ಸ್ನಾನದ, ಬಟ್ಟೆ ಬದಲಿಸುವ, ಅವಮಾನವಾಗುವ ಚಿತ್ರಗಳನ್ನು ಅಂತರ್ಜಾಲಕ್ಕೆ ಹಾಕಲೇಬೇಡಿ. ಬೇರೆ ಚಿತ್ರ ಹಾಕುವ ಮೊದಲು ಶಾಲೆಯ ಬ್ಯಾಡ್ಜ್, ಮನೆ ಸಂಖ್ಯೆ, ವಾಹನದ ಸಂಖ್ಯೆ ಕಾಣುತ್ತಿಲ್ಲವೆಂದು ನೋಡಿ, ಫೈಲಿನೊಳಗಿನ ಸ್ಥಳ ಮಾಹಿತಿ ಅಳಿಸಿ. ಫೋನ್ ಕ್ಯಾಮೆರಾದ ಸೆಟ್ಟಿಂಗಿನಲ್ಲಿ ಲೊಕೇಶನ್ ಬಂದ್ ಮಾಡಿದರೆ ಹೊಸ ಚಿತ್ರಗಳಲ್ಲಿ ಅದು ದಾಖಲಾಗುವುದೇ ಇಲ್ಲ.

ಹಂತ 10: ಆಯ್ಕೆ, ತಿದ್ದುವಿಕೆ, ಮುದ್ರಣ

ತೆಗೆದ ದಿನವೇ ಆಯ್ಕೆ ಮಾಡಬೇಡಿ. ಆ ದಿನದ ಖುಷಿ ಚಿತ್ರದ ಮೇಲೆ ಮೆತ್ತಿಕೊಂಡಿರುತ್ತದೆ. ಎರಡು ವಾರ ಬಿಟ್ಟು ನೋಡಿ. ಮುನ್ನೂರು ಚಿತ್ರಗಳಿದ್ದರೆ ಮೊದಲ ಸುತ್ತಿಗೆ ಅರವತ್ತು, ಎರಡನೆಯದಕ್ಕೆ ಇಪ್ಪತ್ತು. ‘ಮುದ್ದಾಗಿದೆಯೇ’ ಎಂದು ಕೇಳಬೇಡಿ, ‘ಈ ಮಗುವನ್ನು ಕಂಡಿರದವರಿಗೆ ಇದರಲ್ಲೇನಿದೆ’ ಎಂದು ಕೇಳಿ. ಆ ಅರವತ್ತನ್ನು ಅಗ್ಗದ ಚಿಕ್ಕ ಪ್ರಿಂಟುಗಳಾಗಿ ತೆಗೆಸಿ ನೆಲದ ಮೇಲೆ ಹರಡಿ ಜೋಡಿಸಿ. ಪರದೆಯ ಮೇಲೆ ಕಾಣದ ಸಂಬಂಧಗಳು ಅಲ್ಲಿ ಕಾಣುತ್ತವೆ. ವಯಸ್ಸಿನ ಕ್ರಮದಲ್ಲಿ ಜೋಡಿಸಿದರೆ ಬೆಳವಣಿಗೆಯ ದಾಖಲೆಯಾಗುತ್ತದೆ. ಮೊದಲ ಹಂತದಲ್ಲಿ ಆರಿಸಿದ ಮೂರು ಕೆಲಸಗಳ ಪ್ರಕಾರ ಜೋಡಿಸಿ, ಅಡಗಿದ ಮಗುವಿನ ಎದುರು ಪುಟಕ್ಕೆ ಖಾಲಿ ಮೂಲೆ ಬರುವಂತೆ.

ತಿದ್ದುವಿಕೆ ಕಡಿಮೆ ಇರಲಿ. ಬಣ್ಣದ ಸಮತೋಲನ, ಬೆಳಕು, ವಾರೆಯಾಗಿದ್ದರೆ ನೇರ, ಅಷ್ಟೇ. ಚರ್ಮ ನುಣುಪಾಗಿಸುವುದು, ಗಾಯ, ಸಿಂಬಳ, ಮಣ್ಣು ಅಳಿಸುವುದು ಬೇಡ, ಅವೇ ಇಲ್ಲಿ ವಿಷಯ. ಕಪ್ಪುಬಿಳುಪು ಹಳೆಯ ಕಾಲದಂತೆ ಕಾಣಲಿ ಎಂಬುದಕ್ಕೆ ಬೇಡ. ಕೂಗುವ ಬಣ್ಣದ ವಸ್ತುವೊಂದು ಕಣ್ಣನ್ನು ಬೇರೆಡೆ ಎಳೆಯುತ್ತಿದ್ದರೆ ಮಾತ್ರ.

ಮುದ್ರಣಕ್ಕೆ ಇಂಚಿಗೆ 300 ಪಿಕ್ಸೆಲ್ ಲೆಕ್ಕ: 4×6 ಇಂಚಿಗೆ 1200×1800, 8×10ಕ್ಕೆ 2400×3000, 12×18ಕ್ಕೆ 3600×5400. ಮೆಸೇಜಿಂಗ್ ಆ್ಯಪ್‌ನಲ್ಲಿ ಸಾಮಾನ್ಯ ಫೋಟೊವಾಗಿ ಕಳಿಸಿದ ಪ್ರತಿ ಕುಗ್ಗಿರುತ್ತದೆ, ಅದನ್ನು ಪ್ರಿಂಟ್‌ಗೆ ಕೊಡಬೇಡಿ. ಮೂಲ ಫೈಲನ್ನೇ ಕೊಡಿ. ಮೂಲದ ಮೂರು ಪ್ರತಿ ಇರಲಿ, ಎರಡು ಬೇರೆ ಬಗೆಯ ಸಾಧನಗಳಲ್ಲಿ, ಒಂದು ಮನೆಯಿಂದ ಹೊರಗೆ. ಪ್ರಿಂಟುಗಳಿಗೆ ಆಮ್ಲರಹಿತ ಹಾಳೆಯ ಆಲ್ಬಮ್ ಬಳಸಿ. ಪಿವಿಸಿ ಹೊದಿಕೆ ಕೆಲವು ವರ್ಷಕ್ಕೆ ಚಿತ್ರಕ್ಕೆ ಅಂಟಿಕೊಳ್ಳುತ್ತದೆ, ಅಂಟಿನ ಹಾಳೆಯ ಆಲ್ಬಮ್ ಹಳದಿ ಕಲೆ ಬಿಡುತ್ತದೆ. ಬಿಸಿಲು, ತೇವ ಎರಡೂ ಇಲ್ಲದ ಕಪಾಟು ಸಾಕು.

ಪ್ರತಿ ಚಿತ್ರದ ಹಿಂದೆ ದಿನಾಂಕ, ಜಾಗ, ಮಗುವಿನ ವಯಸ್ಸು, ಆಗ ಅದು ಆಡಿದ ಮಾತು ಇದ್ದಂತೆಯೇ ಬರೆಯಿರಿ. ಕಾಗದದ ಪ್ರಿಂಟಿಗೆ ಮೆತ್ತನೆಯ ಪೆನ್ಸಿಲ್, ಪ್ಲಾಸ್ಟಿಕ್ ಲೇಪದ ಪ್ರಿಂಟಿಗೆ ಮಾಸದ ಶಾಯಿಯ ಆರ್ಕೈವಲ್ ಪೆನ್; ಬಾಲ್‌ಪೆನ್ ಒತ್ತಿ ಬರೆದರೆ ಅಕ್ಷರ ಮುಂಭಾಗದಲ್ಲಿ ಉಬ್ಬುತ್ತದೆ. ಬರೆದ ಮೇಲೆ ಹತ್ತು ನಿಮಿಷ ಒಣಗಲು ಬಿಟ್ಟು ಒಂದರ ಮೇಲೊಂದು ಪೇರಿಸಿ.